ಹೊಲಿಗೆ ಯಂತ್ರವೇನೋ ಕೊಟ್ಟೆವು, ಅದನ್ನಿಡುವ ಸೂರು?

ಕೆಲವು ವರ್ಷಗಳ ಹಿಂದಿನ ಮಾತು. ಕರಾವಳಿಯ ಪಟ್ಟಣವೊಂದರ ಸಭಾಭವನದಲ್ಲಿ ಹೊಲಿಗೆ ಯಂತ್ರ ವಿತರಣಾ ಸಮಾರಂಭವಿತ್ತು. ಮೂರು ತಿಂಗಳ ತರಬೇತಿ ಮುಗಿಸಿದ ಸುಮಾರು ಇಪ್ಪತ್ತು ಮಂದಿ ಮಹಿಳೆಯರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಗಣ್ಯರ ಕೈಯಿಂದ ಯಂತ್ರ ಸ್ವೀಕರಿಸಿದರು. ಭಾಷಣಗಳಲ್ಲಿ ‘ಸ್ವಾವಲಂಬನೆ’ ಎಂಬ ಪದ ಎಷ್ಟು ಸಲ ಬಂತೋ ಲೆಕ್ಕವಿಟ್ಟವರಿಲ್ಲ. ವರದಿಗೆಂದು ಹೋಗಿದ್ದ ನಾನು ಹೊರಗೆ ಬಂದಾಗ, ಗೇಟಿನ ಬಳಿ ಎರಡು ಮಕ್ಕಳೊಂದಿಗೆ ಓರ್ವ ಸಹೋದರಿ ಯಂತ್ರದ ಪಕ್ಕದಲ್ಲಿ ನಿಂತಿದ್ದರು. ಮದ್ರಸದಲ್ಲಿ ಓದಿದವನೆಂಬ ಕಾರಣಕ್ಕೆ ಪರಿಚಿತರು ನನ್ನನ್ನು ಈಗಲೂ ಉಸ್ತಾದ್ ಎಂದೇ ಕರೆಯುತ್ತಾರೆ. ಆ ಸಹೋದರಿಯೂ ಹಾಗೆಯೇ ಕರೆದರು.

‘ಉಸ್ತಾದ್, ಇದನ್ನು ನಾನು ಎಲ್ಲಿಡಲಿ?’

ಪ್ರಶ್ನೆ ನನಗೆ ತಕ್ಷಣ ಅರ್ಥವಾಗಲಿಲ್ಲ. ಗಂಡ ಬಿಟ್ಟುಹೋಗಿ ವರ್ಷ ಕಳೆದಿತ್ತು. ಗಂಡನ ಮನೆಯವರು ಹೊರಗೆ ಹಾಕಿದ್ದರು. ಅಣ್ಣನ ಮನೆಯಲ್ಲಿ ಮೂರು ತಿಂಗಳು, ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ನಾಲ್ಕು ತಿಂಗಳು, ಆಮೇಲೆ ಅಂಗಡಿಯೊಂದರ ಹಿಂದಿನ ದಾಸ್ತಾನು ಕೋಣೆ. ಅದನ್ನೂ ತಿಂಗಳ ಕೊನೆಗೆ ಬಿಟ್ಟುಕೊಡಬೇಕಿತ್ತು. ಯಂತ್ರ ಇಡಬೇಕಾದರೆ ನಾಲ್ಕು ಗೋಡೆ ಬೇಕು, ವಿದ್ಯುತ್ ಬೇಕು, ಬಟ್ಟೆ ಕೊಡಲು ಬರುವ ಗಿರಾಕಿಗಳಿಗೆ ಹೇಳಲೊಂದು ವಿಳಾಸ ಬೇಕು. ಇದಾವುದೂ ಆಕೆಯ ಬಳಿ ಇರಲಿಲ್ಲ.

ಆರು ತಿಂಗಳೊಳಗೆ ಆಕೆ ಆ ಯಂತ್ರವನ್ನು ಮಾರಿದರೆಂಬ ಸುದ್ದಿ ಬಂತು. ‘ಇಂಥವರಿಗೆ ಎಷ್ಟು ಕೊಟ್ಟರೂ ಅಷ್ಟೇ’ ಎಂದು ಸಂಘಟಕರೊಬ್ಬರು ಬೇಸರಿಸಿಕೊಂಡರು. ಆದರೆ ಆಕೆ ಆ ಹಣದಿಂದ ಮಾಡಿದ್ದೇನು? ಬಾಡಿಗೆ ಕೋಣೆಯೊಂದಕ್ಕೆ ಮುಂಗಡ ಕಟ್ಟಿದ್ದರು. ಅಂದರೆ, ನಮ್ಮ ಯೋಜನೆಯಲ್ಲಿ ತಲೆಕೆಳಗಾಗಿದ್ದ ಕ್ರಮವನ್ನು ಆಕೆ ಸರಿಪಡಿಸಿಕೊಂಡಿದ್ದರು. ಮೊದಲು ಸೂರು, ಆಮೇಲೆ ಕಸುಬು. ತಪ್ಪು ಯಾರದು? ಯಂತ್ರ ಮಾರಿದವರದೋ, ಸೂರಿಲ್ಲದವರಿಗೆ ಯಂತ್ರ ಕೊಟ್ಟು ಫೋಟೋ ತೆಗೆಸಿಕೊಂಡ ನಮ್ಮದೋ?

*

ಮನೆಯಿಲ್ಲದವರು ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ರೈಲ್ವೆ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ ವೃದ್ಧನೋ ಮೇಲ್ಸೇತುವೆಯ ಕೆಳಗೆ ಟಾರ್ಪಾಲು ಹೊದ್ದ ಕುಟುಂಬವೋ ಆಗಿರುತ್ತದೆ. ಜನಗಣತಿಯ ವ್ಯಾಖ್ಯಾನವೂ ಹೆಚ್ಚುಕಡಿಮೆ ಇದೇ. ಕಟ್ಟಡದೊಳಗೆ ವಾಸಿಸದೆ ರಸ್ತೆ ಬದಿ, ಕಾಲುದಾರಿ, ಸಿಮೆಂಟು ಕೊಳವೆ, ಮೇಲ್ಸೇತುವೆಯ ಅಡಿ, ಪೂಜಾಸ್ಥಳಗಳ ಆವರಣ, ರೈಲ್ವೆ ನಿಲ್ದಾಣಗಳಲ್ಲಿ ರಾತ್ರಿ ಕಳೆಯುವವರನ್ನು ಅದು ವಸತಿಹೀನರು ಎನ್ನುತ್ತದೆ. 2011ರ ಫೆಬ್ರವರಿ 28ರ ರಾತ್ರಿ ಹೀಗೆ ಎಣಿಸಿದಾಗ ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಸಿಕ್ಕಿದರು. ಕರ್ನಾಟಕದ ಪಾಲು ಸುಮಾರು 76 ಸಾವಿರ.

ನಾನು ಮೇಲೆ ಹೇಳಿದ ಸಹೋದರಿ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅಣ್ಣನ ಮನೆ ಕಟ್ಟಡವೇ. ಚಿಕ್ಕಮ್ಮನ ಜಗಲಿಗೂ ಮಾಡಿದೆ. ಅಂಗಡಿಯ ಹಿಂಬದಿಯ ಕೋಣೆಗೂ ಬಾಗಿಲಿದೆ. ಎಣಿಕೆದಾರನ ದೃಷ್ಟಿಯಲ್ಲಿ ಆಕೆ ಮನೆಯುಳ್ಳವಳು. ಆದರೆ ಒಬ್ಬ ತಾಯಿ ಎರಡು ಮಕ್ಕಳೊಂದಿಗೆ ಒಂದೇ ವರ್ಷದಲ್ಲಿ ಮೂರು ಕಡೆ ಗಂಟುಮೂಟೆ ಬಿಚ್ಚಿ ಕಟ್ಟುತ್ತಾಳೆಂದರೆ, ಅತ್ತಿಗೆಯ ಮುಖಭಾವ ನೋಡಿ ಮಗುವಿಗೆ ಎರಡನೇ ಸಲ ಅನ್ನ ಬಡಿಸಬೇಕೋ ಬೇಡವೋ ಎಂದು ನಿರ್ಧರಿಸುತ್ತಾಳೆಂದರೆ, ಅದನ್ನು ಯಾವ ಹೆಸರಿನಿಂದ ಕರೆಯಬೇಕು? ಹೆಣ್ಣಿನ ವಸತಿಹೀನತೆ ಬೀದಿಗೆ ಬರುವ ಬಹಳ ಮೊದಲೇ ಆರಂಭವಾಗುತ್ತದೆ. ಬೀದಿಯಲ್ಲಿ ರಾತ್ರಿ ಕಳೆಯುವುದರ ಭಯ ಆಕೆಯನ್ನು ಯಾವ ಅವಮಾನಕ್ಕೂ, ಕೆಲವೊಮ್ಮೆ ಹೊಡೆಯುವ ಗಂಡನ ಬಳಿಗೇ ಮರಳುವುದಕ್ಕೂ ಒಪ್ಪಿಸುತ್ತದೆ.

ಇಂಥವರ ಸಂಖ್ಯೆ ಸಣ್ಣದೆಂದು ಯಾರೂ ಭಾವಿಸಬೇಕಿಲ್ಲ. 2011ರ ಜನಗಣತಿಯ ಪ್ರಕಾರ ವಿಧವೆಯರು, ವಿಚ್ಛೇದಿತೆಯರು, ಪತಿಯಿಂದ ಬೇರ್ಪಟ್ಟವರು ಮತ್ತು ಅವಿವಾಹಿತೆಯರು ಸೇರಿ ದೇಶದಲ್ಲಿ 7 ಕೋಟಿಗೂ ಹೆಚ್ಚು ಒಂಟಿ ಮಹಿಳೆಯರಿದ್ದರು. 2001ರಲ್ಲಿ ಈ ಸಂಖ್ಯೆ ಸುಮಾರು 5.1 ಕೋಟಿಯಾಗಿತ್ತು. ಇವರಲ್ಲಿ ವಿಚ್ಛೇದನವೂ ಆಗದೆ, ದಾಂಪತ್ಯವೂ ಉಳಿಯದೆ ಸುಮ್ಮನೆ ಬಿಡಲ್ಪಟ್ಟವರ ಸಂಖ್ಯೆ ಸುಮಾರು 23 ಲಕ್ಷ. ಇದು ವಿಚ್ಛೇದಿತೆಯರ ಸಂಖ್ಯೆಯ ಎರಡು ಪಟ್ಟಿಗಿಂತಲೂ ಅಧಿಕ. ಇವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಹೆಣ್ಣನ್ನು ಬೀದಿಪಾಲು ಮಾಡುವುದರಲ್ಲಿ ನಮ್ಮ ಸಮಾಜಗಳ ನಡುವೆ ಅಂಥ ಭಿನ್ನಾಭಿಪ್ರಾಯವೇನೂ ಇದ್ದಂತಿಲ್ಲ!

*

ಕಾನೂನು ಇಲ್ಲವೇ? ಇದೆ. 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 17ನೇ ಸೆಕ್ಷನ್, ಆಸ್ತಿ ಯಾರ ಹೆಸರಿನಲ್ಲಿದ್ದರೂ ತಾನು ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಮಹಿಳೆಗೆ ನೀಡುತ್ತದೆ. ಆ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಹಕ್ಕು ಅನ್ವಯಿಸಬಹುದೆಂದು 2020ರಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿದೆ. ವಿಚ್ಛೇದಿತ ಮುಸ್ಲಿಮ್ ಮಹಿಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಆದರೆ ನ್ಯಾಯಾಲಯದ ಆದೇಶ ಕೈಸೇರುವವರೆಗಿನ ರಾತ್ರಿಗಳನ್ನು ಆಕೆ ಎಲ್ಲಿ ಕಳೆಯಬೇಕು?

ಇಷ್ಟಕ್ಕೂ ತ್ರಿವಳಿ ತಲಾಕ್‌ನ ಬಗ್ಗೆ ಈ ದೇಶದಲ್ಲಿ ನಡೆದಷ್ಟು ಚರ್ಚೆ ಬೇರೆ ಯಾವ ಕೌಟುಂಬಿಕ ವಿಷಯದಲ್ಲಿ ನಡೆದಿದೆ? 2017ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ಅಸಿಂಧುವೆಂದಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧವಾಗಿಸಿತು. ಟಿ.ವಿ. ಪರದೆಯ ಮೇಲೆ ಒಂದು ಕಡೆಯವರು ಮುಸ್ಲಿಮ್ ಮಹಿಳೆಯ ರಕ್ಷಕರಾದರು. ಇನ್ನೊಂದು ಕಡೆಯವರು ಶರೀಅತ್‌ನ ರಕ್ಷಕರಾದರು. ಆದರೆ ಗಂಡ ಜೈಲಿಗೆ ಹೋದ ಮೇಲೆ ಆಕೆಯ ಬಾಡಿಗೆ ಕಟ್ಟುವವರು ಯಾರೆಂದು ಕಾಯ್ದೆಯ ಬೆಂಬಲಿಗರು ಹೇಳಲಿಲ್ಲ. ಗಂಡ ಜೈಲಿಗೆ ಹೋಗಬಾರದೆಂದು ವಾದಿಸಿದ ನಾವಾದರೂ ಹೇಳಿದೆವೇ? ತಲಾಕೇ ಹೇಳದೆ ತೊರೆದು ಹೋದವನ ಹೆಂಡತಿಯಂತೂ ಈ ಇಡೀ ಚರ್ಚೆಯ ಹೊರಗೇ ಉಳಿದಳು.

*

ಸರಕಾರಗಳು ಏನೂ ಮಾಡಿಲ್ಲವೆಂದರೆ ತಪ್ಪಾದೀತು. ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂಬ ನಿರ್ದೇಶ 2010ರಲ್ಲಿ ಸುಪ್ರೀಮ್ ಕೋರ್ಟಿನಿಂದ ಬಂತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ವಸತಿಹೀನರಿಗೆ ಆಶ್ರಯವೂ ಇತ್ತು, ಕೌಶಲ ತರಬೇತಿಯೂ ಇತ್ತು. ಒಂದೇ ಅಭಿಯಾನದ ಎರಡು ಅಂಗಗಳು! ಆದರೆ ಆಶ್ರಯಕ್ಕೊಂದು ಬಾಗಿಲು, ತರಬೇತಿಗೊಂದು ಬಾಗಿಲು. ಎರಡನ್ನೂ ಬೆಸೆದು, ‘ಇಲ್ಲಿ ಮಲಗು, ಇಲ್ಲಿ ಕಲಿ, ಅಷ್ಟರವರೆಗೆ ನಿನ್ನ ಮಗುವನ್ನು ನಾವು ನೋಡಿಕೊಳ್ಳುತ್ತೇವೆ’ ಎಂದು ಒಬ್ಬ ತಾಯಿಗೆ ಒಂದೇ ಕಡೆ ಹೇಳುವ ವ್ಯವಸ್ಥೆಯಾಗಿ ಅದು ಬೆಳೆಯಲಿಲ್ಲ.

ಸಂಕಷ್ಟದಲ್ಲಿರುವ ಮಹಿಳೆಯರಿಗಾಗಿ ಇದ್ದ ಸ್ವಾಧಾರ ಗೃಹಗಳನ್ನು ನೋಡಿ. ಅಲ್ಲಿ ಊಟ, ವಸತಿ, ಕಾನೂನು ನೆರವು, ವೃತ್ತಿ ತರಬೇತಿ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಆಶಯವಾಗಿತ್ತು. ಆಶಯ ಒಳ್ಳೆಯದೇ. ಆದರೆ ತಾಯಿಯೊಂದಿಗೆ ಎಂಟು ವರ್ಷದವರೆಗಿನ ಗಂಡು ಮಕ್ಕಳು ಮಾತ್ರ ಇರಬಹುದೆಂಬ ನಿಯಮವಿತ್ತು. ಅದಕ್ಕಿಂತ ದೊಡ್ಡವನಾದರೆ ಬಾಲಮಂದಿರಕ್ಕೆ. ಮನೆ ಕಳೆದುಕೊಂಡು, ಗಂಡನನ್ನು ಕಳೆದುಕೊಂಡು ಬಂದ ತಾಯಿಗೆ ಒಂಬತ್ತು ವರ್ಷದ ಮಗನನ್ನೂ ಬಿಟ್ಟು ಒಳಗೆ ಬಾ ಎಂದರೆ ಆಕೆ ಬಂದಾಳೆಯೇ? 2022ರಲ್ಲಿ ಈ ಗೃಹಗಳು ‘ಮಿಷನ್ ಶಕ್ತಿ’ಯಡಿ ಶಕ್ತಿ ಸದನಗಳಾದಾಗ ಈ ಮಿತಿಯನ್ನು 12ಕ್ಕೆ ಏರಿಸಲಾಯಿತು. ಸ್ವಾಗತಾರ್ಹ. ಆದರೆ 13ರ ಹುಡುಗನಿಗೆ ತಾಯಿ ಬೇಡವೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ರಾಜ್ಯದ ಯೋಜನೆಗಳ ಕತೆಯೂ ಇದೇ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಲಕ್ಷಾಂತರ ಮನೆಗಳಿಗೆ ಆಸರೆಯಾಗಿರುವುದು ನಿಜ. ಆದರೆ ಅದು ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದ ಮಹಿಳೆಗೆ. ಗಂಡನ ಮನೆಯಿಂದ ಹೊರದಬ್ಬಲ್ಪಟ್ಟ ಸೊಸೆಯ ಹೆಸರು ಅತ್ತೆಯ ಚೀಟಿಯಲ್ಲಿರುತ್ತದೆ. ಹೊರದಬ್ಬಿದವರಿಗೆ ಹಣ, ಹೊರಬಿದ್ದವಳಿಗೆ ಶೂನ್ಯ! ಪ್ರತ್ಯೇಕ ಚೀಟಿ ಮಾಡಿಸೋಣವೆಂದರೆ ವಿಳಾಸ ಬೇಕು. ವಿಳಾಸ ಬೇಕಾದರೆ ಮನೆ ಬೇಕು. ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಇರುವ ಮನಸ್ವಿನಿ ಪಿಂಚಣಿಗೆ 40 ವರ್ಷವಾಗಿರಬೇಕು. 25ರ ಹರೆಯದಲ್ಲಿ ಎರಡು ಮಕ್ಕಳೊಂದಿಗೆ ಒಂಟಿಯಾದವಳು ಹದಿನೈದು ವರ್ಷ ಕಾಯಬೇಕೇ? ಇನ್ನು ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ತರಬೇತಿಗೆ ಹೋಗುವವಳಿಗೆ ದೊಡ್ಡ ವರದಾನವೇ ಸರಿ. ಆದರೆ ಅದು ಸರಕಾರಿ ಬಸ್ಸುಗಳಿಗೆ ಮಾತ್ರ. ಖಾಸಗಿ ಬಸ್ಸುಗಳನ್ನೇ ನಂಬಿಕೊಂಡಿರುವ ದಕ್ಷಿಣ ಕನ್ನಡ, ಉಡುಪಿಯ ಅನೇಕ ಹಳ್ಳಿಗಳಲ್ಲಿ ಆ ವರದಾನ ಬಾಗಿಲಿಗೆ ಬರುವುದಿಲ್ಲ. ಈ ಯೋಜನೆಗಳನ್ನು ವಿರೋಧಿಸಲು ಇದನ್ನು ಹೇಳುತ್ತಿಲ್ಲ. ಕುಟುಂಬವೊಂದು ಇದೆ, ಅದಕ್ಕೊಂದು ವಿಳಾಸವಿದೆ ಎಂಬ ಭಾವನೆಯ ಮೇಲೆ ಇವುಗಳನ್ನು ಕಟ್ಟಲಾಗಿದೆ. ಆ ಎರಡನ್ನೂ ಕಳೆದುಕೊಂಡವಳು ಇವುಗಳ ಸಂದಿಯಿಂದ ಜಾರಿ ಬೀಳುತ್ತಾಳೆ.

*

ಹಾಗಾದರೆ ಮನೆ ಕೊಟ್ಟರೆ ಸಾಕೇ, ತರಬೇತಿ ಬೇಡವೇ? ಈ ಪ್ರಶ್ನೆಗೆ ಅಮೇರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಉತ್ತರವಿದೆ. ಅಲ್ಲಿನ ಕೇಂದ್ರ ವಸತಿ ಇಲಾಖೆ 2010ರಿಂದ 2012ರ ಆರಂಭದವರೆಗೆ 12 ಕಡೆಗಳ ಆಶ್ರಯ ಕೇಂದ್ರಗಳಲ್ಲಿದ್ದ 2,282 ಕುಟುಂಬಗಳನ್ನು ಆರಿಸಿಕೊಂಡಿತು. ಇವುಗಳಲ್ಲಿ ಹೆಚ್ಚಿನವು ಮೂವತ್ತರ ಆಸುಪಾಸಿನ ತಾಯಿ ಮತ್ತು ಒಂದೆರಡು ಮಕ್ಕಳ ಕುಟುಂಬಗಳು. ಚೀಟಿ ಎತ್ತುವ ರೀತಿಯಲ್ಲಿ ಕೆಲವರಿಗೆ ದೀರ್ಘಾವಧಿಯ ಬಾಡಿಗೆ ಸಹಾಯ, ಕೆಲವರಿಗೆ ಅಲ್ಪಾವಧಿಯ ಸಹಾಯ, ಇನ್ನು ಕೆಲವರಿಗೆ ಸೇವೆಗಳೊಂದಿಗಿನ ತಾತ್ಕಾಲಿಕ ವಸತಿಯ ಅವಕಾಶ ನೀಡಲಾಯಿತು. ಮೂರು ವರ್ಷಗಳ ಬಳಿಕ ನೋಡಿದಾಗ, ದೀರ್ಘಾವಧಿಯ ಬಾಡಿಗೆ ಸಹಾಯ ಪಡೆದವರಲ್ಲಿ ಮತ್ತೆ ಮನೆ ಕಳೆದುಕೊಳ್ಳುವುದು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಗೃಹಹಿಂಸೆ ತಗ್ಗಿತ್ತು. ಮಕ್ಕಳು ಪದೇ ಪದೇ ಶಾಲೆ ಬದಲಿಸುವುದೂ ತಗ್ಗಿತ್ತು. ಆದರೆ ತಾಯಂದಿರ ದುಡಿಮೆ ಮಾತ್ರ ಹೆಚ್ಚಿರಲಿಲ್ಲ.

ಇದರಿಂದ ಎರಡು ಪಾಠ ಸಿಗುತ್ತದೆ. ಸೂರು ಕೊಟ್ಟರೆ ಬದುಕು ನಿಲ್ಲುತ್ತದೆ, ಆದರೆ ಸೂರೊಂದೇ ಸಂಬಳ ತರುವುದಿಲ್ಲ. ಕಸುಬು ಕಲಿಸಿದರೆ ಸಂಬಳ ಬಂದೀತು, ಆದರೆ ಸೂರಿಲ್ಲದವಳು ಕಲಿಯಲಾರಳು. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವುದು, ಬಾವಿಗೆ ಬಿದ್ದವಳಿಗೆ ಅರ್ಧ ಹಗ್ಗ ಇಳಿಸಿದಂತೆ.

*

ತರಬೇತಿಯ ಬಗ್ಗೆಯೂ ನಾವು ಯೋಚಿಸಬೇಕಾದದ್ದಿದೆ. ಮಹಿಳೆಗೆ ತರಬೇತಿಯೆಂದರೆ ಹೊಲಿಗೆ ಎಂದು ನಾವು ನಿರ್ಧರಿಸಿಬಿಟ್ಟಂತಿದೆ. ಒಂದೇ ಬೀದಿಯಲ್ಲಿ ಹದಿನೈದು ಮಂದಿಗೆ ಹೊಲಿಗೆ ಕಲಿಸಿದರೆ ಬಟ್ಟೆ ಕೊಡುವವರು ಯಾರು? ಮುಸ್ಲಿಮ್ ಮಹಿಳೆಯರು ಹೆಚ್ಚಾಗಿ ಮನೆಯೊಳಗಿನ ಕಡಿಮೆ ಕೂಲಿಯ ದುಡಿಮೆಯಲ್ಲಿ ಸಿಲುಕಿದ್ದಾರೆಂದು ಸಾಚಾರ್ ಸಮಿತಿಯ ವರದಿ 2006ರಲ್ಲೇ ಬೊಟ್ಟು ಮಾಡಿತ್ತು. ಕರಾವಳಿಯಲ್ಲಿ ಬೀಡಿ ಅದಕ್ಕೆ ಸಾಕ್ಷಿ. ಎಷ್ಟೋ ಒಂಟಿ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಅವರು ಬೀಡಿಯನ್ನು ಆರಿಸಿಕೊಂಡದ್ದು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೇ ಮಾಡಬಹುದೆಂಬ ಕಾರಣಕ್ಕೆ, ಕೂಲಿ ಚೆನ್ನಾಗಿದೆಯೆಂದಲ್ಲ. ಅಂದರೆ ಮಗುವಿಗೆ ಜಾಗ ಸಿಕ್ಕಿದರೆ ತಾಯಿಯ ಆಯ್ಕೆಯೂ ಬದಲಾದೀತು. ರೋಗಿಗಳ ಆರೈಕೆ, ಪ್ರಯೋಗಾಲಯದ ಸಹಾಯಕ ಕೆಲಸ, ಲೆಕ್ಕಪತ್ರ, ಮೊಬೈಲ್ ದುರಸ್ತಿ, ಬೇಕರಿ, ವಾಹನ ಚಾಲನೆ ಹೀಗೆ ಪೇಟೆಯಲ್ಲಿ ಬೇಡಿಕೆಯಿರುವ ಕಸುಬುಗಳಿಗೆ ಕೊರತೆಯಿಲ್ಲ. ಮಂಗಳೂರಿನಂಥ ಆಸ್ಪತ್ರೆಗಳ ನಗರದಲ್ಲಿ ಆರೈಕೆ ಬಲ್ಲ ಕೈಗಳಿಗೆ ಕೆಲಸವಿಲ್ಲವೆನ್ನುವವರಾರು?

ನಮ್ಮ ನಾಡಿನಲ್ಲೇ ಒಂದು ಮಾದರಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಊಟ ವಸತಿಯೊಂದಿಗೆ ಉಚಿತವಾಗಿ ಅಲ್ಪಾವಧಿಯ ತರಬೇತಿ ನೀಡಿತು. ತರಬೇತಿ ಮುಗಿದ ಮೇಲೂ ಅಭ್ಯರ್ಥಿಯ ಬೆನ್ನು ಬಿಡದೆ, ಸಾಲ ಸಿಕ್ಕಿತೇ, ಉದ್ಯೋಗ ನಿಂತಿತೇ ಎಂದು ವಿಚಾರಿಸುವುದು ಅದರ ವೈಶಿಷ್ಟ್ಯ. ಮುಂದೆ ಕೇಂದ್ರ ಸರಕಾರ ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಈ ಮಾದರಿಗೆ ಮಕ್ಕಳ ಕೋಣೆಯೊಂದು ಸೇರಬೇಕಾಗಿದೆ. 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಹೊಂದಿರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಆದರೆ ತರಬೇತಿ ಪಡೆಯುವವಳು ಉದ್ಯೋಗಿಯಲ್ಲ. ಉದ್ಯೋಗಿಯಾಗುವ ದಾರಿಯಲ್ಲಿರುವವಳಿಗೇ ಆ ಸೌಲಭ್ಯ ಹೆಚ್ಚು ಬೇಕಲ್ಲವೇ? ಜೊತೆಗೆ ತರಬೇತಿಯ ದಿನಗಳಿಗೆ ಭತ್ಯೆ ಬೇಕು. ಇಂದು ಕೂಲಿ ಬಿಟ್ಟು ಕಲಿಯಲು ಬಂದರೆ ಇಂದು ರಾತ್ರಿಯ ಅಕ್ಕಿ ಎಲ್ಲಿಂದ ಬರಬೇಕು?

*

ಸರಕಾರಕ್ಕೆ ಹೇಳಬೇಕಾದದ್ದನ್ನು ಹೇಳಿದ್ದಾಯಿತು. ಇನ್ನು ನಮ್ಮ ಕಡೆಗೆ ತಿರುಗೋಣ. ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯ ವಿಚ್ಛೇದನದ ನಿಯಮಗಳೊಂದಿಗೇ ಆಕೆಯ ವಾಸದ ಮಾತನ್ನೂ ಆಡುತ್ತದೆ. ತಲಾಕ್‌ನ ಪದಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಆ ಸೂರಿನ ಬಗ್ಗೆ ಎಷ್ಟು ಹೊತ್ತು ಚರ್ಚಿಸಿದ್ದೇವೆ? ಜಮಾಅತ್‌ನ ಕಚೇರಿಯಲ್ಲಿ ತಲಾಕ್‌ನ ಪತ್ರಕ್ಕೆ ಮೊಹರು ಹಾಕುವಾಗ ‘ಇಂದು ರಾತ್ರಿ ಈಕೆ ಎಲ್ಲಿ?’ ಎಂಬ ಒಂದು ಪ್ರಶ್ನೆಯನ್ನು ದಾಖಲೆಯಲ್ಲಿ ಸೇರಿಸಲು ಯಾವ ಫತ್ವಾ ಬೇಕು?

ನಮ್ಮಲ್ಲಿ ಹಣವಿಲ್ಲವೆಂದಲ್ಲ. ರಮಝಾನಿನಲ್ಲಿ ಶ್ರೀಮಂತರ ಮನೆಗಳ ಮುಂದೆ ಮಹಿಳೆಯರ ಸಾಲು ನಿಲ್ಲುತ್ತದೆ. ಪ್ರತಿಯೊಬ್ಬರ ಕೈಗೂ ಒಂದೆರಡು ನೋಟು. ಕೊಟ್ಟವರಿಗೆ ತೃಪ್ತಿ, ಪಡೆದವರಿಗೆ ಮುಂದಿನ ರಮಝಾನಿಗೂ ಅದೇ ಸಾಲು. ಇದೇ ಝಕಾತ್ ಸಾಮೂಹಿಕವಾಗಿ ಸಂಗ್ರಹವಾದರೆ, ಒಂದು ಮೊಹಲ್ಲಾದಲ್ಲಿ ವರ್ಷಕ್ಕೆ ಇಬ್ಬರು ತಾಯಂದಿರಿಗೆ ಬಾಡಿಗೆಯ ಮುಂಗಡ ಮತ್ತು ಒಂದು ವರ್ಷದ ಬಾಡಿಗೆ ಕೊಡುವುದು ಅಸಾಧ್ಯವೇ? ಕರಾವಳಿಯ ಹೆಚ್ಚಿನ ಮದ್ರಸಗಳು ಮುಂಜಾನೆ ಶಾಲೆಗೆ ಮೊದಲೇ ತರಗತಿ ಮುಗಿಸುತ್ತವೆ. ಆಮೇಲೆ ಹಗಲಿಡೀ ಆ ಕೋಣೆಗಳಿಗೆ ಬೀಗ. ಗಾಳಿ, ಬೆಳಕು, ನೀರು, ಆವರಣ ಎಲ್ಲವೂ ಇರುವ ಆ ಕೋಣೆಗಳಲ್ಲೊಂದನ್ನು ದುಡಿಯುವ ತಾಯಂದಿರ ಮಕ್ಕಳಿಗೆ ತೆರೆದರೆ, ಮತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಂಥ ತಾಯಂದಿರಲ್ಲೇ ಇಬ್ಬರಿಗೆ ತರಬೇತಿ ಕೊಟ್ಟು ಸಂಬಳ ಕೊಟ್ಟರೆ? ಮಗು ಯಾವ ಧರ್ಮದ್ದೆಂದು ಬಾಗಿಲಲ್ಲಿ ಕೇಳದಿದ್ದರೆ ಇನ್ನೂ ಒಳ್ಳೆಯದು.

ಇದಕ್ಕೊಂದು ಆಕ್ಷೇಪ ಬರುತ್ತದೆಂದು ನನಗೆ ಗೊತ್ತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೆ ಹೆಂಗಸರು ಸಣ್ಣ ಮಾತಿಗೂ ಸಂಸಾರ ಬಿಟ್ಟು ಬರುವುದಿಲ್ಲವೇ? ನಾನು ಭೇಟಿಯಾದ ಯಾವ ತಾಯಿಯೂ ಹೊಲಿಗೆ ಯಂತ್ರದ ಆಸೆಗೆ ಮನೆ ಬಿಟ್ಟವಳಲ್ಲ. ಹೋಗಲು ಬೇರೆ ಜಾಗವಿಲ್ಲ ಎಂಬುದೊಂದೇ ಕಾರಣಕ್ಕೆ ನಿಂತಿರುವ ದಾಂಪತ್ಯವನ್ನು ಕುಟುಂಬವ್ಯವಸ್ಥೆಯ ಯಶಸ್ಸೆಂದು ಹೇಳಿಕೊಳ್ಳಲು ನಮಗೆ ಸಂಕೋಚವಾಗಬೇಕು. ಹೆಣ್ಣಿಗೆ ನಿಲ್ಲಲು ನೆಲವಿದೆಯೆಂದು ತಿಳಿದರೆ ಗಂಡಿನ ಬಾಯಿ, ಕೈ ಎರಡೂ ಹಿಡಿತಕ್ಕೆ ಬರುತ್ತವೆ. ಅದರಿಂದ ಸಂಸಾರಗಳು ಮುರಿಯುವುದಕ್ಕಿಂತ ಉಳಿಯುವುದೇ ಹೆಚ್ಚು ಎಂದು ನನ್ನ ಅನಿಸಿಕೆ.

ಯಂತ್ರ ಮಾರಿದ ಆ ಸಹೋದರಿಯನ್ನು ಕಳೆದ ವರ್ಷ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಕಂಡೆ. ಸಂಬಂಧಿಕರನ್ನು ನೋಡಲು ಹೋಗಿದ್ದೆ. ಆಕೆ ಸಮವಸ್ತ್ರದಲ್ಲಿದ್ದರು. ಆರು ತಿಂಗಳು ರೋಗಿಗಳ ಆರೈಕೆ ಕಲಿತು ಅಲ್ಲೇ ಕೆಲಸಕ್ಕೆ ಸೇರಿದ್ದರು. ಹೇಗೆ ಸಾಧ್ಯವಾಯಿತೆಂದು ಕೇಳಿದೆ. ಆಕೆ ಯಾವ ಯೋಜನೆಯ ಹೆಸರನ್ನೂ ಹೇಳಲಿಲ್ಲ. ಬಾಡಿಗೆ ಕೋಣೆಯ ಪಕ್ಕದಲ್ಲಿ ಓರ್ವ ವೃದ್ಧೆಯಿದ್ದರಂತೆ. ಕಲಿಯಲು ಹೋದಷ್ಟು ದಿನ ಮಕ್ಕಳನ್ನು ಅವರೇ ನೋಡಿಕೊಂಡರಂತೆ. ಎರಡು ತಿಂಗಳು ಬಾಡಿಗೆ ತಡವಾದಾಗಲೂ ಮನೆಯ ಮಾಲಕರು ಹೊರಗೆ ಹೋಗೆನ್ನಲಿಲ್ಲವಂತೆ.

ಸೂರು, ಮಗುವಿಗೊಂದು ಮಡಿಲು, ಬೇಡಿಕೆಯಿರುವ ಒಂದು ಕಸುಬು. ಆಕೆಗೆ ಬೇಕಾಗಿದ್ದದ್ದು ಇಷ್ಟೇ. ಅದು ಆಕೆಗೆ ಅದೃಷ್ಟದಿಂದ ಸಿಕ್ಕಿತು. ಆ ವೃದ್ಧೆಯೂ ಆ ಮಾಲಕರೂ ಎಲ್ಲರ ನೆರೆಯಲ್ಲೂ ಇರುವುದಿಲ್ಲ. ಅವರಿಲ್ಲದ ಕಡೆ ಆ ಸ್ಥಾನದಲ್ಲಿ ನಿಲ್ಲಬೇಕಾದದ್ದು ಸರಕಾರ ಮತ್ತು ಸಮುದಾಯ. ಮುಂದಿನ ಸಲ ಹೊಲಿಗೆ ಯಂತ್ರ ವಿತರಣೆಯ ಆಮಂತ್ರಣ ಪತ್ರ ಅಚ್ಚು ಹಾಕಿಸುವ ಮುನ್ನ ಸಂಘಟಕರು ಫಲಾನುಭವಿಗಳ ಪಟ್ಟಿಯಲ್ಲಿ ಹೆಸರಿನ ಮುಂದೆ ಎರಡೇ ಎರಡು ಕಾಲಂ ಸೇರಿಸಲಿ: ಎಲ್ಲಿ ಮಲಗುತ್ತಾರೆ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಆ ಎರಡು ಕಾಲಂ ತುಂಬಿದ ಮೇಲೆ ಬೇಕಾದರೆ ಫೋಟೋ ತೆಗೆಸಿಕೊಳ್ಳೋಣ.